ಪಟ್ಟಿಯಲ್ಲಿ ಮೂರನೆಯ ಹೆಸರು

ಇಳಕಲ್,
ಗುರುವಾರ, ೧೩ ನವೆಂಬರ್ ೨೦೨೫

ಪ್ರೀತಿಯ ಅನುರಾಧಕ್ಕನಿಗೆ ನಿಮ್ಮ ರೂಬಿಯ ಸಲಾಂ.

‘ನಾವಿಲ್ಲಿ ಕ್ಷೇಮ’ ಎಂದು ಬರೆಯುವ ಮೊದಲು ಎದ್ದು ಹೋಗಿ ಅಮ್ಮಿಯ ಬಿ.ಪಿ. ನೋಡಿ ಬಂದೆ. ನೂರಾ ಮೂವತ್ತು, ಎಂಬತ್ತು. ಆದ್ದರಿಂದ ಈಗ ಧೈರ್ಯವಾಗಿ ಬರೆಯುತ್ತೇನೆ, ಕ್ಷೇಮ. ನೀವು ಹೇಗಿದ್ದೀರಿ ಎಂಬುದು ಮಾತ್ರ ನಿಮ್ಮ ಕಾಗದದಲ್ಲಿ ಎಲ್ಲೂ ಇಲ್ಲ. ನಾಲ್ಕು ಪುಟ ಬರೆದವರಿಗೆ ಅದೊಂದು ಸಾಲಿಗೆ ಜಾಗ ಸಿಗಲಿಲ್ಲವೇ ಅಕ್ಕಾ?

ಕಾಗದ ಶನಿವಾರ ಬಂತು. ನೀವು ಮನೆಯ ವಿಳಾಸಕ್ಕೆ ಬರೆದಿದ್ದಿರಿ. ಅಂಚೆಯ ಮುತ್ತಪ್ಪನವರಿಗೆ ನಾನು ಹಗಲೆಲ್ಲ ಎಲ್ಲಿರುತ್ತೇನೆಂದು ಗೊತ್ತು, ಸೀದಾ ಸೀರೆ ಅಂಗಡಿಗೇ ತಂದುಕೊಟ್ಟರು. ಲಕೋಟೆಯ ಮೇಲೆ ‘ಸ್ಟಾಫ್ ನರ್ಸ್ ರೂಬಿ’ ಎಂದಿತ್ತು. ಆ ಹೆಸರಿನಿಂದ ನನ್ನನ್ನು ಯಾರೂ ಕರೆಯದೆ ಎರಡೂವರೆ ವರ್ಷವಾಯಿತು. ಗಲ್ಲಾದ ಹಿಂದೆ ಕೂತು ಒಮ್ಮೆ ಓದಿದೆ, ಮನೆಗೆ ಬಂದು ಮತ್ತೆ ಓದಿದೆ, ಆಮೇಲೆ ಐದು ದಿನ ಅದನ್ನು ಅಕ್ಕಿ ಡಬ್ಬಿಯ ಕೆಳಗೆ ಇಟ್ಟು ಸುಮ್ಮನಿದ್ದೆ.

ಹಿಂದೆ ಪಾಳಿ ಬದಲಾಗುವಾಗ ಒಬ್ಬರು ಹೇಳಿದ್ದನ್ನು ಇನ್ನೊಬ್ಬರು ತಿರುಗಿ ಒಪ್ಪಿಸಬೇಕು ಎಂದು ನೀವೇ ಕಲಿಸಿದ್ದಿರಿ. ಹಾಗೇ ಒಪ್ಪಿಸುತ್ತೇನೆ, ತಪ್ಪಿದ್ದರೆ ತಿದ್ದಿ. ನೀವು ಮಾರ್ಚ್ ತಿಂಗಳಲ್ಲಿ ಬಾಗಲಕೋಟೆಯ ನಮ್ಮ ಆಸ್ಪತ್ರೆಯನ್ನು ಬಿಟ್ಟಿರಿ. ಇಪ್ಪತ್ತೆರಡು ವರ್ಷ ಹೆಡ್ ಸಿಸ್ಟರ್ ಆಗಿದ್ದವರು ಬಿಟ್ಟಿರಿ. ಈಗ ನಿಮ್ಮೂರು ಹುನಗುಂದದಲ್ಲಿ ಎರಡು ಕೋಣೆ ಹಿಡಿದಿದ್ದೀರಿ. ಹಾಸಿಗೆ ಹಿಡಿದ ಮುದುಕರು, ಆಪರೇಶನ್ ಆಗಿ ಮನೆಗೆ ಬಂದವರು, ಇಂಥವರ ಮನೆಗೇ ಹೋಗಿ ಗಾಯ ಕಟ್ಟುವುದು, ಇಂಜೆಕ್ಷನ್ ಕೊಡುವುದು, ಹಾಸಿಗೆ ಹುಣ್ಣು ಆಗದಂತೆ ನೋಡುವುದು ಶುರು ಮಾಡುತ್ತೀರಿ. ಡಿಸೆಂಬರ್ ಒಂದಕ್ಕೆ ಆರಂಭ. ‘ನೀ ಬಂದ್ರ ನನಗ ಚಿಂತಿ ಇಲ್ಲ, ನಾವಿಬ್ಬರ ಸಾಕು’ ಎಂದು ಬರೆದಿದ್ದೀರಿ. ನಾನು ಬರದಿದ್ದರೆ ಒಬ್ಬರೇ ಶುರು ಮಾಡುತ್ತೀರಿ. ಉತ್ತರ ಇಪ್ಪತ್ತನೆಯ ತಾರೀಖಿನೊಳಗೆ ಬೇಕು. ಕೊನೆಯಲ್ಲಿ ಆ ರಂಜಾನ್ ಹಬ್ಬದ ದಿನ ನನಗೆ ಪಾಳಿ ಹಾಕಿದ್ದಕ್ಕೆ ತಪ್ಪಾಯಿತು ಎಂದಿದ್ದೀರಿ. ಇಷ್ಟೇ ಅಲ್ಲವೇ?

ಕಾಗದದ ತಳದಲ್ಲಿ ನಿಮ್ಮ ಫೋನ್ ನಂಬರು ಎರಡು ಸಲ ಬರೆದು ಕೆಳಗೆ ಗೆರೆ ಎಳೆದಿದ್ದೀರಿ. ನಾನು ಫೋನ್ ಮಾಡುವುದಿಲ್ಲ ಅಕ್ಕಾ, ಸಿಟ್ಟಿಗೇಳಬೇಡಿ. ಫೋನಿನಲ್ಲಿ ನೀವು ‘ಬರ್ತೀ ಏನವಾ ರೂಬಿ’ ಎಂದು ಕೇಳಿದ ಕೂಡಲೇ ನನ್ನ ಬಾಯಿ ‘ಆತು ಬಿಡ್ರಿ ಅಕ್ಕಾ’ ಎಂದುಬಿಡುತ್ತದೆ. ನನ್ನ ಬಾಯಿಯನ್ನು ನೀವೂ ಬಲ್ಲಿರಿ, ನಾನೂ ಬಲ್ಲೆ. ಕೈ ಸ್ವಲ್ಪ ನಿಧಾನ, ಬರೆಯುವಾಗ ನಡುನಡುವೆ ವಿಚಾರ ಮಾಡುತ್ತದೆ. ಅದಕ್ಕೇ ಇದು.

ಮೊದಲು ಹಬ್ಬದ ಮಾತು ಮುಗಿಸೋಣ. ಹಬ್ಬದ ಬದಲಿ ನೀವು ಮಾಡಿದ ಪದ್ಧತಿಯಲ್ಲ, ನಾವು ಹುಡುಗಿಯರೇ ಕಟ್ಟಿಕೊಂಡದ್ದು. ವಿದ್ಯಾ ಪಂಚಮಿಗೆ ತವರಿಗೆ ಹೋದರೆ ಅವಳ ಪಾಳಿ ನಾನು ಮಾಡುವುದು, ರಂಜಾನಿಗೆ ನನ್ನ ಪಾಳಿ ಅವಳು ಮಾಡುವುದು. ಮರುದಿನ ಡಬ್ಬಿ ಬರಬೇಕು, ಅದು ಕರಾರು. ಪಂಚಮಿಗೆ ಉಂಡಿ, ದೀಪಾವಳಿಗೆ ಕರ್ಚಿಕಾಯಿ, ಯುಗಾದಿಗೆ ಹೋಳಿಗೆ, ಎಳ್ಳಮಾಸೆಗೆ ಸಜ್ಜೆ ರೊಟ್ಟಿ. ನನ್ನ ಹಬ್ಬಕ್ಕೆ ಅಮ್ಮಿಯ ಶಾವಿಗೆಯ ಸುರಕುಂಬಾ ದೊಡ್ಡ ಪಾತ್ರೆಯಲ್ಲಿ ಬಂದು ನರ್ಸುಗಳ ಕೋಣೆಯಲ್ಲಿ ಹತ್ತು ನಿಮಿಷಕ್ಕೆ ಖಾಲಿ. ಎಷ್ಟು ಚೆನ್ನಾಗಿತ್ತು ಅಕ್ಕಾ! ಪಂಚಮಿ ಉಂಡಿಯನ್ನು ಆರು ಮನೆಗಳ ರುಚಿಯಲ್ಲಿ ತಿಂದವಳು ಇಡೀ ಜಿಲ್ಲೆಯಲ್ಲಿ ನಾನೊಬ್ಬಳೇ ಇರಬೇಕು. ನಾನು ಈಗಲೂ ಆ ಡಬ್ಬಿಗಳ ಕನಸು ಕಾಣುತ್ತೇನೆ.

ತಪ್ಪು ಎಲ್ಲಿ ಆಯಿತೆಂದು ನನಗೆ ತಿಳಿದದ್ದು ಕೆಲಸ ಬಿಟ್ಟು ಮನೆಯಲ್ಲಿ ಕೂತ ಮೇಲೆ. ನಿಮ್ಮ ಹಬ್ಬಗಳಿಗೆ ನೀವು ಹನ್ನೊಂದು ಜನ, ನನ್ನ ಹಬ್ಬಕ್ಕೆ ನಾನು ಒಬ್ಬಳು. ಪ್ರತಿಯೊಬ್ಬರೂ ನನ್ನನ್ನು ವರ್ಷದಲ್ಲಿ ಒಂದೇ ಸಲ ಬದಲಿ ಕೇಳಿದರು. ಪಾಪ, ಒಂದೇ ಸಲ. ಆದರೆ ಅದು ನನಗೆ ಹನ್ನೊಂದು ಸಲ. ಇದನ್ನು ಯಾರೂ ಕೂತು ನೋಡಲಿಲ್ಲ, ಎಲ್ಲರಿಗಿಂತ ಮೊದಲು ನಾನೇ ನೋಡಲಿಲ್ಲ. ಬರಬರುತ್ತ ಹಬ್ಬವಿಲ್ಲದ ದಿನವೂ ಬದಲಿ ಎಂದರೆ ರೂಬಿ ಎಂದಾಯಿತು. ಯಾರದೋ ಮಗುವಿಗೆ ಜ್ವರ, ಯಾರದೋ ಮನೆ ನೋಡಲು ಗಂಡಿನ ಕಡೆಯವರು, ಯಾರಿಗೋ ತುಳಸಿಗೇರಿಗೆ ಶನಿವಾರದ ಹರಕೆ. ನೀವು ಪಾಳಿಯ ಪಟ್ಟಿ ಹಿಡಿದು ಬಾಗಿಲಲ್ಲಿ ನಿಂತು ನನ್ನ ಮುಖ ನೋಡುತ್ತಿದ್ದಿರಿ. ಕೇಳುವ ಮೊದಲೇ ನಾನು ‘ಆತು ಬಿಡ್ರಿ ಅಕ್ಕಾ’ ಅನ್ನುತ್ತಿದ್ದೆ. ಹೇಳುವಾಗ ಒಂದು ಥರ ಹೆಮ್ಮೆ ಆಗುತ್ತಿತ್ತು, ಅದನ್ನೂ ಮುಚ್ಚಿಡುವುದಿಲ್ಲ. ನಾನಿಲ್ಲದಿದ್ದರೆ ಈ ವಾರ್ಡು ನಡೆಯುವುದಿಲ್ಲ ಎಂಬ ಹೆಮ್ಮೆ.

ಆದ್ದರಿಂದ ಆ ಒಂದು ಹಬ್ಬಕ್ಕೆ ನೀವು ಕ್ಷಮೆ ಕೇಳಬೇಕಾಗಿಲ್ಲ. ಆ ವಾರ ಇಬ್ಬರು ಹುಡುಗಿಯರು ಸರ್ಕಾರಿ ಕೆಲಸ ಸಿಕ್ಕು ಹೋಗಿದ್ದರು, ವಿದ್ಯಾ ಹೆರಿಗೆಗೆ ಹೋಗಿದ್ದಳು. ನೀವು ಬೇರೆ ಯಾರ ಹೆಸರು ಬರೆಯಬೇಕಿತ್ತು? ನಾನು ಬಿಟ್ಟುಹೋದದ್ದು ಆ ಸಿಟ್ಟಿಗೆ ಎಂದು ಇಷ್ಟು ದಿನ ತಿಳಿದುಕೊಂಡಿದ್ದೀರಲ್ಲ, ಅದನ್ನು ಓದಿ ನನಗೆ ಅಳು ಬಂತು. ಯಾಕೆ ಬಿಟ್ಟೆ ಎನ್ನುವುದನ್ನು ಕೆಳಗೆ ಬರೆಯುತ್ತೇನೆ. ಸ್ವಲ್ಪ ತಾಳಿ. ಅದಕ್ಕೆ ಮೊದಲು ನಗುವ ಸಂಗತಿ ಇದೆ, ಅದನ್ನು ಹೇಳದಿದ್ದರೆ ನನಗೆ ಮುಂದೆ ಬರೆಯಲು ಆಗುವುದಿಲ್ಲ.

ಕೆಲಸ ಬಿಟ್ಟ ಮೇಲೆ ನಾಲ್ಕು ಕಡೆ ಕೆಲಸ ನೋಡಲು ಹೋದೆ. ಮೊದಲೆಲ್ಲ ಕೆಲಸ ಹುಡುಕುವಾಗ ಸಂಬಳ ಎಷ್ಟು, ಉಳಿಯಲು ಕೋಣೆ ಕೊಡುತ್ತಾರೋ ಎಂದು ಕೇಳುತ್ತಿದ್ದೆ. ಈಗ ನನ್ನ ಕಣ್ಣು ಬೇರೆಯೇ ಆಗಿದೆ. ಕಮತಗಿಯಲ್ಲಿ ಒಂದು ದವಾಖಾನೆ, ಒಳ್ಳೆಯ ಡಾಕ್ಟರು, ಕೇಳಿದಷ್ಟು ಸಂಬಳ. ನಾನು ಅವರ ಮಾತು ಕೇಳುವುದು ಬಿಟ್ಟು ಅಲ್ಲಿನ ಸಿಸ್ಟರ್ ಮೇಜಿನ ಮೇಲಿದ್ದ ಚಹಾ ನೋಡುತ್ತಿದ್ದೆ. ಒಂದು ಕಪ್ಪಿನ ಮೇಲೆ ಕೆನೆಗಟ್ಟಿತ್ತು. ಅದರ ಪಕ್ಕ ಇನ್ನೊಂದು ಕಪ್ಪು, ಅದರ ಮೇಲೂ ಕೆನೆ. ಮುಂಜಾನೆಯದೂ ಕುಡಿದಿಲ್ಲ, ಮಧ್ಯಾಹ್ನದ್ದೂ ಕುಡಿದಿಲ್ಲ. ‘ವಿಚಾರ ಮಾಡಿ ಹೇಳ್ತೇನ್ರಿ’ ಎಂದು ಬಂದವಳು ಆ ದಾರಿಯಲ್ಲಿ ಮತ್ತೆ ಹೋಗಲಿಲ್ಲ.

ಬಾದಾಮಿಯ ಒಂದು ಹೊಟೇಲಿನಲ್ಲಿ ಬಂದವರ ಹೆಸರು ಬರೆದುಕೊಳ್ಳುವ ಕೆಲಸವಿತ್ತು. ಮ್ಯಾನೇಜರು ಬಹಳ ಪ್ರೀತಿಯಿಂದ, ‘ಇಲ್ಲಿ ನಾವೆಲ್ಲಾ ಒಂದ ಮನಿಯವರ ಇದ್ದಂಗ ನೋಡ್ರಿ’ ಎಂದರು. ‘ಹಂಗಂದ್ರ ಮನಿಗಿ ಎಷ್ಟಕ್ಕ ಬಿಡ್ತೀರಿ?’ ಎಂದು ಕೇಳಿದೆ. ಅವರು ನಕ್ಕರು, ನಾನು ನಗಲಿಲ್ಲ. ಬಾಗಲಕೋಟೆಯ ಒಂದು ಆಫೀಸಿನಲ್ಲಿ ಸಂದರ್ಶನ ಮುಗಿಯುವ ಮೊದಲೇ ಹೊಸ ಮೊಬೈಲು ನನ್ನ ಮುಂದೆ ಇಟ್ಟು, ಇದು ಯಾವಾಗಲೂ ಚಾಲೂ ಇರಬೇಕು, ಬಿಲ್ಲು ಆಫೀಸಿನದು ಎಂದರು. ಬಿಸಿ ಹಂಚನ್ನು ಮುಟ್ಟಿದವಳಂತೆ ಆ ಕಡೆ ಸರಿಸಿದೆ. ಅಮ್ಮಿ ತಲೆ ತಲೆ ಚಚ್ಚಿಕೊಂಡಳು. ‘ಜನಾ ಪಗಾರ ನೋಡಿ ಕೆಲಸಾ ಹಿಡೀತಾರ, ಈಕಿ ಚಹಾ ನೋಡಿ ಬಿಡ್ತಾಳ’ ಎಂದು ಓಣಿಗೆಲ್ಲ ಹೇಳಿಕೊಂಡು ಬಂದಳು.

ಕೊನೆಗೆ ಧರ್ಮರಾಜಣ್ಣನವರ ಸೀರೆ ಅಂಗಡಿ. ‘ನಿನಗ ಏನ ಬರತೈತಿ?’ ಎಂದರು. ‘ಮಡಚಾಕ ಬರತೈತ್ರಿ’ ಎಂದೆ. ಅಷ್ಟು ವರ್ಷ ವಾರ್ಡಿನ ಚಾದರ ಮಡಚಿದವಳು, ಸುಳ್ಳೇನಲ್ಲ. ಅಂಗಡಿ ಎಷ್ಟಕ್ಕೆ ಮುಚ್ಚುತ್ತದೆ ಎಂದು ಕೇಳಿದೆ. ಅವರು ಯಾವ ನಿಯಮವನ್ನೂ ಹೇಳಲಿಲ್ಲ. ‘ಎಂಟಕ್ಕ ಮುಚ್ಚೂದ. ಎಂಟೂ ಹತ್ತಕ್ಕ ನಮ್ಮವ್ವ ಊಟಕ್ಕ ಕರೀತಾಳ, ತಡಾ ಆದ್ರ ನನಗೂ ಬೈತಾಳ, ಗಿರಾಕಿಗೂ ಬೈತಾಳ’ ಎಂದರು. ಮರುದಿನವೇ ಸೇರಿಕೊಂಡೆ. ಸಂಬಳ ಆಸ್ಪತ್ರೆಯದರ ಅರ್ಧ. ಹೆಂಗಸರು ಬಂದು ಐವತ್ತು ಸೀರೆ ಬಿಚ್ಚಿಸಿ, ಸೆರಗು ಹಿಡಿದು ನೋಡಿ, ಒಂದೂ ಕೊಳ್ಳದೆ ಹೋಗುತ್ತಾರೆ. ಉಳಿದವರು ಗೊಣಗುತ್ತಾರೆ, ನಾನು ಖುಷಿಯಿಂದ ಮಡಚುತ್ತೇನೆ. ಸೀರೆಗೆ ಉಸಿರು ನಿಲ್ಲುವುದಿಲ್ಲ ಅಕ್ಕಾ. ಮಡಚಿ ಇಟ್ಟರೆ ಮರುದಿನ ಅಲ್ಲೇ ಇರುತ್ತದೆ.

ಆದರೆ ನನ್ನ ಹಣೆಬರಹ ಕೇಳಿ. ಧರ್ಮರಾಜಣ್ಣನ ತಾಯಿ ಚಂದವ್ವನವರಿಗೆ ಸಕ್ಕರೆ ಕಾಯಿಲೆ. ಒಂದು ದಿನ ಅವರಿಗೆ ಇನ್ಸುಲಿನ್ ಕೊಟ್ಟೆ. ‘ಇರಿವಿ ಕಚ್ಚಿದಷ್ಟೂ ಗೊತ್ತಾಗಲಿಲ್ಲವಾ ನಮ್ಮವ್ವಾ’ ಎಂದು ಅವರು ಗುಡಿಯ ಕಟ್ಟೆಯ ಮೇಲೆ ಹೇಳಿದರು. ವಾರದೊಳಗೆ ಅವರ ಗೆಳತಿಯರು ಬಂದರು. ಬಿ.ಪಿ. ನೋಡುವ ಯಂತ್ರ ತಂದಿಟ್ಟುಕೊಂಡೆ, ಯಾರೂ ಹೇಳಿರಲಿಲ್ಲ, ನಾನೇ ತಂದೆ. ತಿಂಗಳೊಳಗೆ ಅಂಗಡಿಯ ಮೆಟ್ಟಿಲ ಮೇಲೆ ಸೀರೆಗೆ ಬಂದವರಿಗಿಂತ ತೋಳು ಚಾಚಿಕೊಂಡು ಕೂತವರೇ ಜಾಸ್ತಿ. ಊಟದ ಹೊತ್ತಿಗೆ ಬಂದರೆ ಡಬ್ಬಿ ಮುಚ್ಚಿ ಏಳುತ್ತಿದ್ದೆ. ಸೋಮವಾರ ನಮಗೆ ರಜೆ, ಮನೆಗೇ ಬರತೊಡಗಿದರು. ಎಲ್ಲರಿಗೂ ಆತು ಬಿಡ್ರಿ, ಆತು ಬಿಡ್ರಿ. ಒಂದು ಮಧ್ಯಾಹ್ನ ಗಲ್ಲಾದ ಮೇಲೆ ನನ್ನ ಚಹಾ ಇತ್ತು. ಅದರ ಮೇಲೆ ಕೆನೆಗಟ್ಟಿತ್ತು. ಅದನ್ನು ನೋಡಿ ಸೀರೆಯ ಗಂಟಿನ ಹಿಂದೆ ಹೋಗಿ ಕೂತೆ. ಇಲ್ಲಿ ನನ್ನನ್ನು ಹೀಗೆ ಮಾಡಿದವರು ಯಾರು? ಆಸ್ಪತ್ರೆ ಇಲ್ಲ, ಪಟ್ಟಿ ಇಲ್ಲ, ನೀವೂ ಇಲ್ಲ.

ಮರುದಿನ ಬಂದು ನೋಡಿದರೆ ಧರ್ಮರಾಜಣ್ಣ ಬಾಗಿಲಿಗೆ ರಟ್ಟು ನೇತುಹಾಕಿದ್ದರು. ಸೀರೆ ಡಬ್ಬಿಯ ರಟ್ಟು, ಅವರದೇ ಸೊಟ್ಟ ಅಕ್ಷರ. ‘ಬಿ.ಪಿ. ಸಂಜೆ ಐದರಿಂದ ಆರು. ಉಳಿದ ಹೊತ್ತು ಸೀರೆ ಮಾತ್ರ.’ ಒಬ್ಬ ಮುದುಕಪ್ಪ ಹನ್ನೆರಡಕ್ಕೆ ಬಂದು ತೋಳು ಚಾಚಿದ. ನನ್ನ ಬಾಯಿ ತೆರೆಯುವ ಮೊದಲೇ ಧರ್ಮರಾಜಣ್ಣ, ‘ಯಜ್ಜಾ, ಸೀರಿ ತೋರಿಸಲೇನು?’ ಎಂದರು. ಅಜ್ಜ ನಕ್ಕು ಎದ್ದು ಹೋದ, ಐದಕ್ಕೆ ಬಂದ. ಅವನಿಗೆ ಏನೂ ಆಗಿರಲಿಲ್ಲ! ನಾನು ಬೇಡವೆಂದರೆ ಜನ ಸತ್ತುಹೋಗುತ್ತಾರೆ ಎಂದು ಆಸ್ಪತ್ರೆಯಲ್ಲಿ ಎಂಟು ವರ್ಷ ತಿಳಿದುಕೊಂಡಿದ್ದವಳಿಗೆ ಅದೊಂದು ದೊಡ್ಡ ಸುದ್ದಿ. ಆ ದಿನ ನಾನು ಅತ್ತುಬಿಟ್ಟೆ. ಚಂದವ್ವ ನನಗೇ ಬಿ.ಪಿ. ನೋಡಿಸಿಕೋ ಎಂದರು.

ಈಗ ನಾನು ಯಾಕೆ ಬಿಟ್ಟೆ ಎನ್ನುವುದು. ಇದನ್ನು ಯಾರಿಗೂ ಹೇಳಿಲ್ಲ, ಅಮ್ಮಿಗೂ ಹೇಳಿಲ್ಲ.

ಹಬ್ಬದ ಹಿಂದಿನ ದಿನ ಸಂಜೆ ಪಾಳಿಗೆ ಬಂದವಳು ಹಬ್ಬ ಕಳೆದ ಮರುದಿನ ಬೆಳಿಗ್ಗೆ ಹನ್ನೊಂದಕ್ಕೆ ಮನೆಗೆ ಹೊರಟೆ. ನಡುವೆ ಕುರ್ಚಿಯಲ್ಲಿ ಕಣ್ಣು ಮುಚ್ಚಿದ್ದಷ್ಟೇ ನಿದ್ದೆ. ನವನಗರದಲ್ಲಿ ನಾವು ಬಾಡಿಗೆಗಿದ್ದ ಕೋಣೆ ನಿಮಗೆ ಗೊತ್ತು. ಅಮ್ಮಿ ಹಬ್ಬದ ದಿನವೆಲ್ಲ ನನಗಾಗಿ ಕಾದು, ಮರುದಿನವೂ ಸಕ್ಕರೆ ಕಾಯಿಲೆಯ ಗುಳಿಗೆ ನುಂಗಿ, ಊಟ ಮಾತ್ರ ನನ್ನ ಜೊತೆ ಎಂದು ಹಾಗೇ ಕೂತಿದ್ದಳು. ನಾನು ಬಂದವಳು ಯೂನಿಫಾರ್ಮಿನಲ್ಲೇ ಚಾಪೆಯ ಮೇಲೆ ಬಿದ್ದೆ. ಮಧ್ಯಾಹ್ನ ಅವಳ ಸಕ್ಕರೆ ಇಳಿದಿದೆ, ಬೆವರಿದ್ದಾಳೆ, ಕಣ್ಣು ಕತ್ತಲೆ ಬಂದಿದೆ. ‘ರೂಬಿ’ ಎಂದು ಕೂಗಿದ್ದಾಳೆ. ನನಗೆ ಕೇಳಿಸಿತು ಅಕ್ಕಾ. ನಾನು ಕಣ್ಣು ತೆರೆಯದೆ, ವಾರ್ಡಿನಲ್ಲಿ ದಿನಾ ಹೇಳುವ ದನಿಯಲ್ಲಿ, ‘ಸಿಸ್ಟರ್ ಈಗ ಬರ್ತಾರ್ರಿ, ಸುಮ್ಮನ ಮಲಕೋರಿ’ ಎಂದು ಹೇಳಿದೆ. ಹೇಳಿ ಮಗ್ಗುಲು ಬದಲಿಸಿ ಮಲಗಿದೆ.

ಅಮ್ಮಿ ತಾನೇ ಎದ್ದು ಸಕ್ಕರೆ ಹುಡುಕಲು ಹೋಗಿ ಅಡುಗೆಯ ಕಟ್ಟೆಯ ಹತ್ತಿರ ಬಿದ್ದಳು. ಪಕ್ಕದ ಮನೆಯ ಗುಲಾಬಬಿ ಸದ್ದು ಕೇಳಿ ಓಡಿಬಂದು ಬಾಯಿಗೆ ಬೆಲ್ಲ ಹಾಕಿದರಂತೆ. ಆಮೇಲೆ ಮುರಿದ ಕೈಯನ್ನು ದುಪಟ್ಟಾದಿಂದ ಕಟ್ಟಿ ಕೂರಿಸಿದರಂತೆ. ಇಷ್ಟೆಲ್ಲ ಆದದ್ದು ನನ್ನಿಂದ ನಾಲ್ಕು ಹೆಜ್ಜೆ ದೂರದಲ್ಲಿ. ನಾನು ಎದ್ದದ್ದು ನಾಲ್ಕು ಗಂಟೆಗೆ. ಗುಲಾಬಬಿ ‘ಎಬ್ಬಿಸೋಣು ಅಂದ್ರ ನಿಮ್ಮಮ್ಮಿ ಬ್ಯಾಡ ಅಂದ್ರು’ ಎಂದರು. ಅಮ್ಮಿ, ನಾನು ಇವಳನ್ನು ಕೂಗೇ ಇಲ್ಲ ಎಂದಳು. ಸಕ್ಕರೆ ಇಳಿದಾಗ ಹೇಳಿದ್ದು ಕೇಳಿದ್ದು ನೆನಪಿರುವುದಿಲ್ಲ, ನಮಗೆ ಗೊತ್ತಿರುವುದೇ. ನಾನೂ, ಏನೂ ಕೇಳಿಸಲಿಲ್ಲ ಎಂದೆ. ಅದೊಂದು ಸುಳ್ಳನ್ನು ಎರಡೂವರೆ ವರ್ಷದಿಂದ ದಿನಾ ಅವಳ ಪಕ್ಕ ಕೂತು ಉಣ್ಣುತ್ತಿದ್ದೇನೆ. ಆ ಕೈ ಈಗಲೂ ಪೂರ್ತಿ ತಿರುಗುವುದಿಲ್ಲ, ರೊಟ್ಟಿ ಬಡಿಯಲು ಆಗುವುದಿಲ್ಲ. ನಾನು ಬಡಿಯುತ್ತೇನೆ. ‘ಇದು ರೊಟ್ಟಿನೋ, ಹುನಗುಂದ ತಾಲೂಕಿನ ನಕಾಶೆನೋ?’ ಎಂದು ದಿನಾ ಕೇಳುತ್ತಾಳೆ. ನಗುತ್ತೇನೆ, ಒಳಗೆ ಚುರುಕ್ ಅನ್ನುತ್ತದೆ.

ಆ ಸಂಜೆ ಆರಕ್ಕೆ ನಿಮ್ಮ ಫೋನು ಬಂತು, ನೆನಪಿದೆಯೇ? ಇವತ್ತೊಂದು ದಿನ ಬರ್ತೀ ಏನವಾ ಎಂದಿರಿ. ಅಮ್ಮಿಯ ಕೈಗೆ ಪಟ್ಟಿ ಹಾಕಿಸಿ ಆಗಷ್ಟೇ ಬಂದಿದ್ದೆ. ನನ್ನ ಬಾಯಿ ‘ಆತು ಬಿಡ್ರಿ ಅಕ್ಕಾ’ ಎಂದಿತು. ಫೋನು ಇಟ್ಟ ಮೇಲೆ ನನಗೆ ನನ್ನದೇ ಭಯ ಹತ್ತಿತು. ಸಿಮ್ಮು ತೆಗೆದು ಮೋರಿಗೆ ಹಾಕಿದೆ. ನಿಮಗೆ ತಿಳಿಸಲಿಲ್ಲ, ಹುಡುಗಿಯರಿಗೆ ತಿಳಿಸಲಿಲ್ಲ, ಅಮ್ಮಿಯನ್ನು ಕರೆದುಕೊಂಡು ನಮ್ಮೂರು ಇಳಕಲ್ಲಿಗೆ ಬಂದುಬಿಟ್ಟೆ. ಆ ಸಂಜೆ ನನ್ನ ದಾರಿ ಕಾದು ಕೊನೆಗೆ ನೀವೇ ಎರಡೂ ವಾರ್ಡು ನೋಡಿಕೊಂಡಿರಿ ಎಂದು ಆಮೇಲೆ ಯಾರಿಂದಲೋ ಕೇಳಿದೆ. ಕ್ಷಮೆ ಕೇಳಬೇಕಾದವಳು ನಾನು ಅಕ್ಕಾ. ತಪ್ಪಾಯಿತು.

ಇನ್ನು ಉತ್ತರ. ನರ್ಸ್ ಕೆಲಸ ನನಗೆ ಬೇಕು. ಐದರಿಂದ ಆರರವರೆಗೆ ಅಂಗಡಿಯ ಮೆಟ್ಟಿಲ ಮೇಲೆ ಕೂತಿರುತ್ತೇನಲ್ಲ, ನನ್ನ ಇಡೀ ದಿನದಲ್ಲಿ ಆ ಒಂದು ಗಂಟೆಯೇ ನಾನು. ನಿಮ್ಮ ಜೊತೆ ಮತ್ತೆ ಕೆಲಸ ಮಾಡುವ ಆಸೆಯೂ ಇದೆ, ನಿಮ್ಮಂಥ ಕೈ ನಾನು ಮತ್ತೆಲ್ಲೂ ನೋಡಿಲ್ಲ. ಆದರೆ ನಿಮ್ಮ ಕಾಗದವನ್ನು ರೋಗಿಯ ಚೀಟಿ ಓದುವಂತೆ ಓದಿದ್ದೇನೆ. ಮೊದಲ ಪುಟ ನೀಲಿ ಪೆನ್ನು, ಆಮೇಲೆ ಕಪ್ಪು, ಕೊನೆಯದು ಪೆನ್ಸಿಲ್ಲು. ಎರಡು ಕಡೆ ವಾಕ್ಯ ಅರ್ಧಕ್ಕೆ ನಿಂತು ಮುಂದಿನ ಪುಟದಲ್ಲಿ ಬೇರೆ ಮಾತು ಶುರುವಾಗಿದೆ. ನೀವು ಒಂದು ಕಾಗದ ಬರೆಯಲು ಒಂದು ಕಡೆ ಕೂರಲಾಗದೆ ಎದ್ದೆದ್ದು ಹೋಗಿದ್ದೀರಿ. ಇನ್ನೂ ಆರಂಭವೇ ಆಗಿಲ್ಲ ಎನ್ನುತ್ತೀರಿ, ಆಗಲೇ ಐದಾರು ಮನೆಗಾದರೂ ಹೋಗಿ ಬರುತ್ತಿದ್ದೀರಿ. ಸುಳ್ಳೆಂದರೆ ನನ್ನ ಮೇಲೆ ಆಣೆ ಮಾಡಿ.

‘ನಾವಿಬ್ಬರ ಸಾಕು’ ಎಂದು ಬರೆದಿದ್ದೀರಿ. ಸಾಲುವುದಿಲ್ಲ ಅಕ್ಕಾ. ಇಬ್ಬರೆಂದರೆ ಒಬ್ಬರಿಗೆ ಜ್ವರ ಬಂದ ದಿನ ಇನ್ನೊಬ್ಬರು ಒಬ್ಬರೇ. ‘ನೀ ಬಂದ್ರ ನನಗ ಚಿಂತಿ ಇಲ್ಲ’ ಎಂಬ ಸಾಲನ್ನು ನೀವು ಪ್ರೀತಿಯಿಂದ ಬರೆದಿದ್ದೀರಿ, ಅದು ನನಗೆ ಗೊತ್ತು. ಆದರೆ ನಾನಿದ್ದರೂ ನೀವು ಸ್ವಲ್ಪ ಚಿಂತೆ ಮಾಡಬೇಕು. ಆದ್ದರಿಂದ ಈ ಡಿಸೆಂಬರ್ ಒಂದಕ್ಕೆ ನಾನು ಬರುವುದಿಲ್ಲ. ಬರೆದುಬಿಟ್ಟೆ ನೋಡಿ.

ನೀವು ಮತ್ತೊಬ್ಬಳನ್ನು ಹುಡುಕಿ. ಒಂದು ಹಾಳೆಯ ಮೇಲೆ ಪಟ್ಟಿ ಮಾಡಿ, ಮೂರನೆಯ ಹೆಸರು ಬರೆದು ಕಳಿಸಿ. ಆ ಪಟ್ಟಿಯಲ್ಲಿ ಮೂರೂ ಜನರ ರಜೆಯ ದಿನ ಇರಬೇಕು, ನಿಮ್ಮದೂ ಇರಬೇಕು. ಹೊಸಬಳು ಸಿಗುವುದು ಜನವರಿಯೋ ಯುಗಾದಿಯೋ ಆದರೆ ಆಗಲಿ, ಅಲ್ಲಿಯವರೆಗೆ ಮನೆಗಳನ್ನು ಕಡಿಮೆ ಹಿಡಿಯಿರಿ. ಪಟ್ಟಿ ಬಂದ ವಾರವೇ ಧರ್ಮರಾಜಣ್ಣನಿಗೆ ಹೇಳಿ ಹೊರಡುತ್ತೇನೆ. ನಿಮಗೆ ಸಿಟ್ಟು ಬಂದು ಬೇರೆ ಯಾರನ್ನಾದರೂ ಕರೆದುಕೊಂಡರೆ ನಾನು ಅಳುತ್ತೇನೆ, ಆದರೂ ಈ ಮಾತು ಬದಲಿಸುವುದಿಲ್ಲ.

ಇನ್ನೊಂದು ಹೆದರಿಕೆ ಇದೆ, ಅದಕ್ಕೆ ನಿಮ್ಮಲ್ಲೂ ಮದ್ದಿಲ್ಲ. ತಾಯಿ ಕೂಗಿದರೆ ಏಳದ ಕಿವಿ ಇದು. ಇನ್ನೊಬ್ಬರ ಮನೆಯ ಮುದುಕರನ್ನು ಈ ಕಿವಿಯ ಭರವಸೆಯ ಮೇಲೆ ಬಿಡಬಹುದೋ ಇಲ್ಲವೋ ನನಗೆ ಇನ್ನೂ ತಿಳಿದಿಲ್ಲ. ಮೂರನೆಯ ಹೆಸರು ಸಿಗುವುದರೊಳಗೆ ತಿಳಿಯಬಹುದು.

ಹುನಗುಂದದಲ್ಲಿ ಈಗ ಚಳಿ ಶುರುವಾಗಿರಬೇಕು. ಕಾಲಿಗೆ ಸಾಕ್ಸ್ ಹಾಕಿಕೊಳ್ಳಿ, ನಿಮ್ಮ ಹಿಮ್ಮಡಿ ನನಗೆ ಗೊತ್ತು. ಚಹಾ ಬಿಸಿ ಇರುವಾಗಲೇ ಕುಡಿಯಿರಿ.

ನಿಮ್ಮ ಮೇಲೆ ಯಾವ ಸಿಟ್ಟೂ ಇಲ್ಲದ, ನಿಮ್ಮ ತಂಗಿಯೇ ಆದ,
ರೂಬಿ

ತಾ.ಕ.: ಲಕೋಟೆಗೆ ಗೋಂದು ಹಚ್ಚುವ ಹೊತ್ತಿಗೆ ಅಮ್ಮಿ ಬಂದು, ಇಷ್ಟುದ್ದ ಯಾರಿಗೆ ಬರೆದಿ, ಓದು ಎಂದು ಪಟ್ಟು ಹಿಡಿದಳು. ಓದಿದೆ. ಆ ದಿನದ ಮಾತು ಬಂದಾಗ ಆ ಹಾಳೆ ಬಿಟ್ಟು ಮುಂದಿನದು ಹಿಡಿದೆ. ‘ಒಂದ ಹಾಳಿ ಹಾರಿಸಿದಿ, ಅದನ್ನೂ ಓದು’ ಎಂದಳು. ಬೇರೆ ದಾರಿ ಇರಲಿಲ್ಲ. ಅವಳು ಮೆಂತ್ಯ ಸೊಪ್ಪು ಬಿಡಿಸುತ್ತ ಕೂತಿದ್ದಳು, ಕೈ ನಿಲ್ಲಿಸಲಿಲ್ಲ. ‘ನೀ ಹಂಗಂದದ್ದು ನನಗ ಕೇಳಿಸಿತ್ತು. ಎಲ್ಲಾ ನೆನಪೈತಿ. ಇನ್ನೊಂದ ಸಲಾ ಜೋರ್ ಕೂಗಿದ್ರ ನೀ ಏಳತಿದ್ದಿ. ನಾನ ಕೂಗಲಿಲ್ಲ. ನಿದ್ದ್ಯಾಗೂ ಯಾರಿಗೋ ಸಮಾಧಾನಾ ಹೇಳಾಕತ್ತಿದ್ದಿ, ಅಂಥಾ ಕೂಸನ್ನ ಹೆಂಗ ಎಬ್ಬಸ್ಲಿ?’ ಎಂದಳು. ಎರಡೂವರೆ ವರ್ಷ ನಾನು ಅವಳಿಂದ ಮುಚ್ಚಿಟ್ಟೆ, ಅವಳು ನನ್ನಿಂದ ಮುಚ್ಚಿಟ್ಟಳು. ಬಹಳ ಹೊತ್ತು ಅವಳ ತೊಡೆಯ ಮೇಲೆ ತಲೆ ಇಟ್ಟುಕೊಂಡಿದ್ದೆ, ಸೊಪ್ಪೆಲ್ಲ ನನ್ನ ಕೂದಲಲ್ಲಿ.

ಆಮೇಲೆ ನಿಮ್ಮ ಕಾಗದ ಕೇಳಿ ಪಡೆದು, ಪುಟ ತಿರುವಿ ನೀಲಿ, ಕಪ್ಪು, ಪೆನ್ಸಿಲ್ಲು ಎಲ್ಲ ನೋಡಿದಳು. ‘ನಿನಗರ ನಾ ಇದ್ದೆ. ಈಕಿನ್ನ ಎಬ್ಬಸದಂಗ ಯಾರ ಕಾಯ್ತಾರ?’ ಎಂದು ಕೇಳಿದಳು. ನಾನು ಮತ್ತೆ ಪೆನ್ನು ಹಿಡಿದೆ. ಅಕ್ಕಾ, ಇಪ್ಪತ್ನಾಲ್ಕನೆಯ ತಾರೀಖು ಸೋಮವಾರ, ನನಗೆ ರಜೆ. ಪಟ್ಟಿ ಆಗದಿದ್ದರೂ ಬನ್ನಿ. ಫೋನು ಹುನಗುಂದದಲ್ಲೇ ಇಟ್ಟು ಬೆಳಗಿನ ಬಸ್ಸಿಗೆ ಬನ್ನಿ. ಅಮ್ಮಿ ಹಾಸಿಗೆ ಹಾಸುತ್ತಾಳೆ. ನೀವು ಉಂಡು ಮಲಗಿಬಿಡಿ, ಕೆಲಸದ ಮಾತು ಎದ್ದ ಮೇಲೆ. ನಾನು ಹೊಸ್ತಿಲಲ್ಲಿ ಕೂತಿರುತ್ತೇನೆ. ಯಾರು ಬಂದು ಎಷ್ಟು ಕೂಗಿದರೂ ಹೇಳುತ್ತೇನೆ: ‘ಅಕ್ಕಾ ಮಲಗ್ಯಾರ, ಅವರಾಗೇ ಏಳೂತನಕ ಎಬ್ಬಸೂದಿಲ್ರಿ.’